ಎಲ್‌ಪಿಯ ಕೊನೆಯ ಐದು ನಿಮಿಷ

ಯಾರಾದರೂ ಗ್ರಾಮಫೋನ್ ಪ್ಲೇಟು ಹಾಡಿಸುವ ಹೊಸ ಟರ್ನ್‌ಟೇಬಲ್ ತಂದು "ಬನ್ನಿ, ಕೇಳಿ ಹೇಗಿದೆ ಹೇಳಿ" ಅಂತ ಮನೆಗೆ ಕರೆದರೆ, ಮೊದಲ ಹಾಡು ಕೇಳಿ ನಾನು ಏನೂ ಹೇಳುವುದಿಲ್ಲ. ಪ್ಲೇಟಿನ ಹೊರ ಅಂಚಿನಲ್ಲಿ ಎಲ್ಲ ಟರ್ನ್‌ಟೇಬಲ್‌ಗಳೂ ಚೆನ್ನಾಗಿಯೇ ಹಾಡುತ್ತವೆ. ಅಲ್ಲಿ ಮೆಚ್ಚಿಕೊಂಡರೆ ಅರ್ಥವಿಲ್ಲ. ಕಾಫಿ ಕುಡಿಯುತ್ತಾ ಕಾಯುತ್ತೇನೆ. ಮುಳ್ಳು ಲೇಬಲ್ ಹತ್ತಿರ ಬರುವಾಗ ಮಾತು ನಿಲ್ಲಿಸಿ ಕಿವಿ ಕೊಡುತ್ತೇನೆ. ಆ ಕೊನೆಯ ಐದು ನಿಮಿಷದಲ್ಲಿ ಎಲ್ಲ ಗುಟ್ಟೂ ಹೊರಗೆ ಬರುತ್ತದೆ. ತಬಲಾದ ಚಾಟಿ ಒಡಕಾಗುತ್ತಿದೆಯಾ? 'ಸ' ಅಕ್ಷರ ಬಂದಾಗಲೆಲ್ಲ ಉಸಿರು ಉಗುಳಿದ ಹಾಗೆ ಕೇಳುತ್ತಿದೆಯಾ? ಹಾಗಿದ್ದರೆ ಸ್ಪೀಕರಿಗೆ ಎಷ್ಟು ಲಕ್ಷ ಕೊಟ್ಟಿದ್ದರೂ ಕೆಲಸ ಬಾಕಿ ಇದೆ ಅಂತ ಲೆಕ್ಕ.

ಕಾರಣ ಸರಳವಾದದ್ದು. ಎಲ್‌ಪಿ, ಅಂದರೆ ಬದಿಗೆ ಇಪ್ಪತ್ತು ನಿಮಿಷ ಹಾಡುವ ದೊಡ್ಡ ಪ್ಲೇಟು, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಶುರುವಿನಿಂದ ಕೊನೆಯವರೆಗೂ ಅದೇ ವೇಗ. ಆದರೆ ಸುತ್ತಿನ ಉದ್ದ ಕಡಿಮೆಯಾಗುತ್ತಾ ಹೋಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಒಳಗೆ ಲೇಬಲ್ ಪಕ್ಕದಲ್ಲಿ ಹಾದುಹೋಗುವುದು ಬರೀ 21 ಸೆಂಟಿಮೀಟರ್. ಒಂದು ಸೆಕೆಂಡಿನ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೂರಬೇಕು. ಹದಿನೈದು ಜನ ಆರಾಮಾಗಿ ಕೂತಿದ್ದ ಜಗಲಿಯ ಮೇಲೆ ಮೂವತ್ತೈದು ಜನ ಬಂದು ಕೂತ ಹಾಗೆ. ಗೆರೆಯ ಅಲೆಗಳು ಒತ್ತೊತ್ತಾಗಿ ಬರುತ್ತವೆ, ತಿರುವುಗಳು ಚೂಪಾಗುತ್ತವೆ. ಮುಳ್ಳು ಚೂರು ಓರೆಯಾಗಿ ಕೂತಿದ್ದರೂ ಆ ತಿರುವುಗಳನ್ನು ಸರಿಯಾಗಿ ಹಿಡಿಯಲಾರದು.

ಈಗ ನಮ್ಮ ಸಂಗೀತ ಬೆಳೆಯುವ ರೀತಿ ನೋಡಿ. ಆಲಾಪ ನಿಧಾನವಾಗಿ ಶುರುವಾಗುತ್ತದೆ. ದನಿ ಮೆಲ್ಲಗೆ, ಪಕ್ಕವಾದ್ಯದ ಗದ್ದಲ ಇಲ್ಲ. ಹೊತ್ತು ಹೋದ ಹಾಗೆ ಲಯ ಏರುತ್ತದೆ. ವಿಲಂಬಿತ ಆಯಿತು, ದ್ರುತ ಆಯಿತು, ಸಿತಾರಾದರೆ ಕೊನೆಗೆ ತಂತಿಗಳನ್ನು ಬಿರುಸಾಗಿ ಮೀಟುವ ಝಾಲಾ. ಭೀಮಸೇನ ಜೋಶಿಯವರು ತಾರ ಸಪ್ತಕದಲ್ಲಿ ಗುಡುಗುವ ತಾನುಗಳು ಬರುವುದು ಕೊನೆಗೆ. ಮೃದಂಗದವರು ತನಿ ಆವರ್ತನ ಮುಗಿಸುವ ಭರ್ಜರಿ ಮುಕ್ತಾಯವೂ ಕೊನೆಗೆ. ಅಂದರೆ ಅತಿ ಜೋರಾದದ್ದು, ಅತಿ ವೇಗದ್ದು, ಅತಿ ತೀಕ್ಷ್ಣವಾದದ್ದು ಎಲ್ಲವೂ ಪ್ಲೇಟಿನ ಅತಿ ಕೆಟ್ಟ ಜಾಗದಲ್ಲಿ ಬಂದು ಬೀಳುತ್ತದೆ. ಸಿನಿಮಾ ಹಾಡಿನ ಪ್ಲೇಟಿನಲ್ಲಿ ಪ್ರತಿ ಬದಿಯ ಕೊನೆಯ ಹಾಡಿಗೆ ಮಾತ್ರ ಈ ಕಷ್ಟ. ರಾಗ ಸಂಗೀತದಲ್ಲಿ ಕಷ್ಟ ಬರುವುದು ಕಛೇರಿಯ ತುದಿಗೆ, ಕೇಳುಗ ಕಾದು ಕೂತಿರುವ ಘಳಿಗೆಗೆ.

ಎಲ್‌ಪಿಗೆ ಮೊದಲಿದ್ದ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳ ಕಾಲದಲ್ಲಿ ಈ ತೊಂದರೆಯ ಸ್ವರೂಪವೇ ಬೇರೆ ಇತ್ತು. ಮೂರು ಚಿಲ್ಲರೆ ನಿಮಿಷದಲ್ಲಿ ರಾಗವನ್ನು ಹೇಗೋ ತುರುಕಿ ಮುಗಿಸಬೇಕಿತ್ತು. ಕೊಲಂಬಿಯಾ ಕಂಪನಿ 1948ರಲ್ಲಿ ಎಲ್‌ಪಿ ತಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಜಾಗ ಸಿಕ್ಕಿತು. 1955ರಲ್ಲಿ ಅಲಿ ಅಕ್ಬರ್ ಖಾನ್ ಅಮೆರಿಕದಲ್ಲಿ ಸರೋದ್ ನುಡಿಸಿದ ಎಲ್‌ಪಿ ಬಂತು. ಬದಿಗೆ ಒಂದೊಂದೇ ರಾಗ, ಮುನ್ನುಡಿ ಹೇಳಿದ್ದು ಪಿಟೀಲು ವಾದಕ ಯೆಹೂದಿ ಮೆನುಹಿನ್. ನಮ್ಮ ರಾಗಕ್ಕೆ ಪ್ಲೇಟಿನ ಮೇಲೆ ಉಸಿರಾಡಲು ಜಾಗ ಸಿಕ್ಕಿದ್ದು ಆ ಹೊತ್ತಿನಿಂದ. ಜೊತೆಗೆ ಈ ಒಳ ಅಂಚಿನ ತಲೆನೋವೂ ಬಂತು.

ನಾನು ಟರ್ನ್‌ಟೇಬಲ್ ಹೊಂದಿಸುವಾಗ ಮಾಡುವ ಎಲ್ಲ ಕೆಲಸವೂ ಈ ಕೊನೆಯ ಐದು ನಿಮಿಷಕ್ಕಾಗಿ. ಹೊರ ಅಂಚು ತಾನಾಗಿ ಸರಿಹೋಗುತ್ತದೆ.

ಮೊದಲು ನೆಲ. ಟರ್ನ್‌ಟೇಬಲ್ ಇಡುವ ಜಾಗ ಮಟ್ಟಸವಾಗಿರಬೇಕು, ಅಲುಗಬಾರದು. ಗಾರೆ ಕೆಲಸದವರ ರಸಮಟ್ಟ ಸಾಕು, ಇದಕ್ಕೆಂದೇ ಮಾರುವ ದುಬಾರಿ ಸಾಮಾನು ಬೇಡ. ಎರಡು ದಿಕ್ಕಿನಲ್ಲೂ ಇಟ್ಟು ನೋಡಿ. ಟೇಬಲ್ ಮೇಲೆ ನೋಡಿದರೆ ಸಾಲದು, ತಿರುಗುವ ತಟ್ಟೆಯ ಮೇಲೇ ನೋಡಬೇಕು. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡೋ ಕಡಪಾ ಕಲ್ಲೋ ಮನೆಯ ಹಿಂದೆ ಬಿದ್ದಿದ್ದರೆ ತಂದು ಕೆಳಗೆ ಹಾಸಿ. ಅದರ ಕೆಳಗೆ ರಬ್ಬರ್ ತುಂಡು. ಗೋಡೆಗೆ ಬಡಿದ ಗಟ್ಟಿ ಶೆಲ್ಫ್ ಇನ್ನೂ ಒಳ್ಳೆಯದು, ಮಕ್ಕಳು ಓಡಾಡಿದರೂ ಮುಳ್ಳು ಹಾರುವುದಿಲ್ಲ. ಸ್ಪೀಕರನ್ನು ಮಾತ್ರ ಅದೇ ಟೇಬಲ್ ಮೇಲೆ ಇಡಬೇಡಿ. ಸ್ಪೀಕರಿನ ಅದುರು ಮುಳ್ಳಿಗೆ ಹೋಗುತ್ತದೆ, ಮುಳ್ಳಿನಿಂದ ಮತ್ತೆ ಸ್ಪೀಕರಿಗೆ ಬರುತ್ತದೆ. ವಾಲ್ಯೂಮ್ ಏರಿಸಿದಾಗ ಗುಂಯ್ ಅಂತ ಶುರುವಾಗುವುದು ಹೀಗೆ.

ಎರಡನೆಯದು ವೇಗ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ಕಿವಿಗೆ ಇದರಲ್ಲಿ ಒಂದು ಅನುಕೂಲ ಇದೆ: ತಂಬೂರಿ.

ರಾಕ್ ಸಂಗೀತದ ಪ್ಲೇಟಿನಲ್ಲಿ ವೇಗ ಚೂರು ಏರುಪೇರಾದರೆ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ತಂಬೂರಿ ಹಾಗಲ್ಲ. ಇಡೀ ಬದಿ ಒಂದೇ ಸ-ಪ ಹಿಡಿದು ನಿಂತಿರುತ್ತದೆ. ಅದು ಕೂದಲೆಳೆಯಷ್ಟು ಜಾರಿದರೂ ಸಂಗೀತ ಕೇಳಿ ರೂಢಿ ಇರುವವರಿಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ವೇಗ ಪರೀಕ್ಷೆಗೆ ಅಂತಲೇ ವಿದೇಶದಲ್ಲಿ ಒಂದೇ ಸ್ವರ ತುಂಬಿದ ಪರೀಕ್ಷೆಯ ಪ್ಲೇಟು ಮಾರುತ್ತಾರೆ. ನಮ್ಮಲ್ಲಿ ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಪ್ಲೇಟು ಇದ್ದರೆ ಸಾಕು. ಮೀಟಿದ ಮೇಲೆ ಉದ್ದಕ್ಕೆ ಉಳಿಯುವ ನಾದ ನೆಟ್ಟಗೆ ನಿಲ್ಲುತ್ತಿದೆಯೋ ನಡುಗುತ್ತಿದೆಯೋ ಅಂತ ಕೇಳಿದರೆ ಯಂತ್ರದ ಜಾತಕ ತಿಳಿಯುತ್ತದೆ.

ನಾದ ತೂಗಿದರೆ ಎಲ್ಲ ಸಲವೂ ಮೋಟಾರಿನದ್ದೇ ತಪ್ಪು ಅನ್ನಬೇಡಿ. 33⅓ ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ತೂಗುವುದು ಸರಿಯಾಗಿ ಅಷ್ಟು ಹೊತ್ತಿಗೊಮ್ಮೆ ಆಗುತ್ತಿದ್ದರೆ ಪ್ಲೇಟಿನ ನಡುವಿನ ತೂತೇ ಪಕ್ಕಕ್ಕೆ ಬಿದ್ದಿದೆ. ತೂತು ಒಂದು ಮಿಲಿಮೀಟರ್ ಸರಿದಿದ್ದರೆ ಪ್ಲೇಟಿನ ನಡುಭಾಗದಲ್ಲಿ ಶ್ರುತಿ ಶೇಕಡ 1ರಷ್ಟು ಮೇಲೆ, ಶೇಕಡ 1ರಷ್ಟು ಕೆಳಗೆ ಓಡಾಡುತ್ತದೆ. ಎರಡು ಅಕ್ಕಪಕ್ಕದ ಸ್ವರಸ್ಥಾನಗಳ ನಡುವಿನ ಅಂತರದಲ್ಲಿ ಅದು ಹೆಚ್ಚುಕಡಿಮೆ ಆರನೇ ಒಂದು ಪಾಲು. ತಂಬೂರಿ ಇರುವ ಕಡೆ ಇದು ಸಣ್ಣದಲ್ಲ. ಮುಳ್ಳು ಹೊತ್ತಿರುವ ಕೈ, ಅಂದರೆ ಆರ್ಮ್, ಎಡಕ್ಕೂ ಬಲಕ್ಕೂ ಮೆಲ್ಲಗೆ ತೂಗುವುದು ಕಣ್ಣಿಗೂ ಕಾಣುತ್ತದೆ. ಜಪಾನಿನ ನಕಾಮಿಚಿ ಕಂಪನಿ 1980ರ ದಶಕದ ಆರಂಭದಲ್ಲಿ ಪ್ಲೇಟನ್ನು ತಾನೇ ಸರಿಸಿ ನಡುವಿಗೆ ತರುವ ಟರ್ನ್‌ಟೇಬಲ್ಲನ್ನೇ ಮಾಡಿತ್ತು. ನಮ್ಮ ಕೈಗೆಟುಕುವ ಮಾತಲ್ಲ ಬಿಡಿ. ಕೆಲವರು ತೂತನ್ನು ಚೂರು ಅಗಲ ಮಾಡಿ, ಕೈಯಲ್ಲಿ ಸರಿಸಿ ಕೂರಿಸುತ್ತಾರೆ. ನನಗೆ ಆ ಧೈರ್ಯ ಇಲ್ಲ.

ಇನ್ನೊಂದು ವೇಗದ ಕಥೆ ಅಮೆರಿಕದಿಂದ ಬರುತ್ತದೆ. ನನ್ನ ಸೋದರಮಾವ ಅಲ್ಲಿಂದ ವಾಪಸ್ ಬರುವಾಗ ಬೆಲ್ಟಿನ ಟರ್ನ್‌ಟೇಬಲ್ ಒಂದನ್ನು ಜೋಪಾನವಾಗಿ ತಂದರು. ಅದು 120 ವೋಲ್ಟಿನದು, ಹಾಗಾಗಿ ಟ್ರಾನ್ಸ್‌ಫಾರ್ಮರ್ ಹಾಕಿದರು. ಎಲ್ಲ ಸರಿ ಅಂದುಕೊಂಡು ಶುರು ಮಾಡಿದರೆ ನಮ್ಮಮ್ಮ ಒಳಗಿನಿಂದಲೇ ಕೇಳಿದರು, "ಇದೇನೋ ಶೀನಾ, ಇವರಿಗೇನು ನೆಗಡಿಯಾ?" ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ. ಅಲ್ಲಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಅಂಥ ಹಳೆಯ ಎ.ಸಿ. ಮೋಟಾರು ಕರೆಂಟಿನ ತಾಳಕ್ಕೇ ತಿರುಗುವುದು. ಅಲ್ಲಿ 33⅓ ಇದ್ದದ್ದು ಇಲ್ಲಿ 28ಕ್ಕೂ ಕಡಿಮೆ ಆಗುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಐದು ಮನೆ ಶ್ರುತಿಯಲ್ಲಿ ಹಾಡಿದವರು ಮೂರು ಮನೆಗೆ ಇಳಿದುಬಿಡುತ್ತಾರೆ. ಮೋಟಾರಿಗೆ 50 ಹರ್ಟ್ಸಿನ ಪುಲ್ಲಿ ಹಾಕಿದರೆ ಸರಿಹೋಗುತ್ತದೆ, ಸಿಕ್ಕಿದರೆ. ಬೆಲ್ಟಿಲ್ಲದೆ ಮೋಟಾರೇ ತಟ್ಟೆಯನ್ನು ತಿರುಗಿಸುವ, ಟೆಕ್ನಿಕ್ಸ್ ಎಸ್‌ಎಲ್-1200 ತರಹದ ಡೈರೆಕ್ಟ್ ಡ್ರೈವ್‌ಗಳಿಗೆ ಈ ಕಾಟ ಇಲ್ಲ, ಅವುಗಳ ವೇಗವನ್ನು ಒಳಗಿನ ಸರ್ಕ್ಯೂಟೇ ನೋಡಿಕೊಳ್ಳುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಕರೆಂಟು ಹೋಗಿ ಜನರೇಟರ್ ಶುರುವಾದಾಗ ಅದರ ಆವರ್ತನ 50ಕ್ಕೇ ನಿಲ್ಲುತ್ತದೆ ಅನ್ನುವ ಖಾತರಿ ಇಲ್ಲ. ಎ.ಸಿ. ಮೋಟಾರಿನ ಟರ್ನ್‌ಟೇಬಲ್ ಇದ್ದರೆ ಕರೆಂಟು ಬರುವವರೆಗೆ ಆರಿಸಿಬಿಡುವುದು ಒಳ್ಳೆಯದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾರ್ಟ್ರಿಜ್, ಅಂದರೆ ಆರ್ಮಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಚಿಕ್ಕ ಡಬ್ಬಿಯನ್ನು ಕೂರಿಸುವುದು.

ಪ್ಲೇಟಿನ ಮೂಲ ಅಚ್ಚನ್ನು ಕೊರೆಯುವ ಯಂತ್ರದಲ್ಲಿ ಕೊರೆಯುವ ತಲೆ ಅಂಚಿನಿಂದ ನಡುವಿಗೆ ನೆಟ್ಟಗೆ, ಸರಳರೇಖೆಯಲ್ಲಿ ಬರುತ್ತದೆ. ನಮ್ಮ ಮನೆಯ ಆರ್ಮ್ ಹಾಗೆ ಬರಲಾರದು. ಅದು ಒಂದು ಮೂಲೆಯಲ್ಲಿ ಕೀಲು ಹಾಕಿಕೊಂಡು ಕಮಾನಿನಂತೆ ಬರುತ್ತದೆ. ಹಾಗಾಗಿ ಮುಳ್ಳು ಎಲ್ಲ ಕಡೆಯೂ ಗೆರೆಗೆ ನೇರವಾಗಿ ಇರುವುದು ಅಸಾಧ್ಯ. ಆರ್ಮಿನ ತುದಿಯನ್ನು ಚೂರು ಬಗ್ಗಿಸಿ, ಮುಳ್ಳು ಪ್ಲೇಟಿನ ತೂತಿಗೆ ಸಿಕ್ಕಿಕೊಳ್ಳುವ ನಡುಗಡ್ಡಿಯನ್ನು ದಾಟಿ ಒಂದೂವರೆ ಸೆಂಟಿಮೀಟರಿನಷ್ಟು ಮುಂದೆ ಹೋಗುವ ಹಾಗೆ ಕೂರಿಸಿದರೆ ಎರಡು ಜಾಗದಲ್ಲಿ ಮಾತ್ರ ಅದು ಪೂರ್ತಿ ನೇರವಾಗುತ್ತದೆ. ಉಳಿದ ಕಡೆ ಅಷ್ಟಿಷ್ಟು ಓರೆ. ಆ ಎರಡು ಜಾಗ ಎಲ್ಲಿರಬೇಕು ಅನ್ನುವುದೇ ಪ್ರಶ್ನೆ. ಇದಕ್ಕೆ ಎಂಬತ್ತು ವರ್ಷಕ್ಕೂ ಹಿಂದೆಯೇ ಗಣಿತ ಬರೆದಿಟ್ಟಿದ್ದಾರೆ. 1938ರಲ್ಲಿ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್. ಬೇರ್‌ವಾಲ್ಡ್ ಲೆಕ್ಕದಲ್ಲಿ ಆ ಜಾಗಗಳು ನಡುವಿನಿಂದ 66 ಮಿಲಿಮೀಟರ್ ಮತ್ತು 120.9 ಮಿಲಿಮೀಟರ್ ದೂರದಲ್ಲಿ ಬರುತ್ತವೆ. ತಪ್ಪನ್ನು ಪ್ಲೇಟಿನ ಉದ್ದಕ್ಕೂ ಸಮನಾಗಿ ಹಂಚಿದ ಲೆಕ್ಕ ಇದು. ಇವತ್ತು ಹೆಚ್ಚಿನವರು ಇದನ್ನೇ ಹೇಳುತ್ತಾರೆ.

1966ರಲ್ಲಿ ಸ್ಟೀವನ್‌ಸನ್ ಅನ್ನುವವರು ಬ್ರಿಟನ್ನಿನ ಒಂದು ರೇಡಿಯೋ ಪತ್ರಿಕೆಯಲ್ಲಿ ಬೇರೆ ಲೆಕ್ಕ ಕೊಟ್ಟರು. ಅವರ ಒಳಜಾಗ 60.3 ಮಿಲಿಮೀಟರ್. ಅಂದರೆ ಗೆರೆ ಮುಗಿಯುವ ಕಡೆಗೇ ಹೋಗಿ ನಿಂತಿದೆ. ಹೊರಗಿನದು 117.4. ಒಳ ಅಂಚಿನಲ್ಲಿ ಮುಳ್ಳು ಅತ್ಯಂತ ನೇರವಾಗಿರಲಿ, ಅದಕ್ಕಾಗಿ ನಡುವೆ ಸ್ವಲ್ಪ ಜಾಸ್ತಿ ತಪ್ಪಾದರೂ ಚಿಂತೆಯಿಲ್ಲ ಅನ್ನುವ ವಾದ. ಟರ್ನ್‌ಟೇಬಲ್ ಪ್ರಿಯರಲ್ಲಿ ಎಷ್ಟೋ ಜನ ಇದನ್ನು ಕೀಳಾಗಿ ನೋಡುತ್ತಾರೆ. ಒಟ್ಟು ಮೊತ್ತದಲ್ಲಿ ವಿಕೃತಿ ಜಾಸ್ತಿ ಅಂತ ಗ್ರಾಫ್ ಬರೆದು ತೋರಿಸುತ್ತಾರೆ. ಗ್ರಾಫ್ ಸರಿಯೇ ಇದೆ. ಆದರೆ ಆಲಾಪ, ವಿಲಂಬಿತ ನಡೆಯುವ ಜಾಗದಲ್ಲಿ ಕಿವಿಗೆ ಗೊತ್ತೂ ಆಗದ ತಪ್ಪನ್ನು ಚೂರು ಹೆಚ್ಚಿಸಿಕೊಂಡು, ಝಾಲಾ ಬರುವ ಜಾಗದಲ್ಲಿ ತಪ್ಪು ಕಡಿಮೆ ಮಾಡುವುದು ನಮಗೆ ಲಾಭದ ವ್ಯಾಪಾರ ಅಲ್ವಾ? ಹಿಂದುಸ್ತಾನಿ, ಕರ್ನಾಟಕ ಸಂಗೀತದ ಪ್ಲೇಟುಗಳನ್ನೇ ಜಾಸ್ತಿ ಕೇಳುವವರು ಸ್ಟೀವನ್‌ಸನ್ ಲೆಕ್ಕವನ್ನು ಒಮ್ಮೆ ಹೊಂದಿಸಿ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಮುಳ್ಳು ಸಾದಾ ಗುಂಡು ತುದಿಯದಾದರೆ ಇನ್ನೂ ಮುಖ್ಯ. ಟೆಕ್ನಿಕ್ಸ್‌ನವರು ಹೆಡ್‌ಶೆಲ್ಲಿನ (ಕಾರ್ಟ್ರಿಜ್ ಕೂರುವ, ಆರ್ಮಿನ ತುದಿಯ ತುಂಡು) ರಬ್ಬರ್ ವಾಷರಿನಿಂದ ಮುಳ್ಳಿನ ತುದಿಗೆ 52 ಮಿಲಿಮೀಟರ್ ಇಡಿ ಅಂತ ಹೇಳುವುದೂ ಒಳ ಅಂಚಿನ ಪರವಾದ ಲೆಕ್ಕವೇ.

ಹೊಂದಿಸಲು ಬೇಕಾದದ್ದು ಆ ಎರಡು ಜಾಗಗಳನ್ನು ಚುಕ್ಕೆ, ಗೆರೆ ಹಾಕಿ ಗುರುತಿಸಿದ ಒಂದು ಕಾಗದ. ಪ್ರೊಟ್ರಾಕ್ಟರ್ ಅಂತ ಹುಡುಕಿದರೆ ಪುಕ್ಕಟೆ ಸಿಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವಾಗ ಅಳತೆ ಕುಗ್ಗಿಸದೆ ನೂರಕ್ಕೆ ನೂರು ತೆಗೆಸಿ. ಆಮೇಲೆ ಸ್ಕೇಲ್ ಇಟ್ಟು ಅಳೆದು ನೋಡಿ. ಇಲ್ಲೇ ಒಂದು ಮಿಲಿಮೀಟರ್ ತಪ್ಪಿದರೆ ಮುಂದಿನ ಎಲ್ಲ ಶ್ರಮ ನೀರಿಗೆ ಹೋಮ. ಕಾರ್ಟ್ರಿಜ್ಜಿನ ಎರಡು ಸ್ಕ್ರೂ ಸಡಿಲ ಮಾಡಿ, ಮುಳ್ಳಿನ ತುದಿಯನ್ನು ಚುಕ್ಕೆಯ ಮೇಲೆ ಇಳಿಸಿ, ಕಾಗದದ ಗೆರೆಗಳ ಜೊತೆ ಹೋಲಿಸಿ. ನೋಡಬೇಕಾದದ್ದು ಮುಳ್ಳು ಹೊತ್ತಿರುವ ಸಣ್ಣ ಕಡ್ಡಿಯನ್ನು. ಕಾರ್ಟ್ರಿಜ್ಜಿನ ಪ್ಲಾಸ್ಟಿಕ್ ಮೈಯನ್ನು ನಂಬಬೇಡಿ. ಎಷ್ಟೋ ಕಾರ್ಟ್ರಿಜ್ಜುಗಳಲ್ಲಿ ಆ ಕಡ್ಡಿ ಮೈಗೆ ಚೂರು ಓರೆಯಾಗಿಯೇ ಇರುತ್ತದೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳುವ ಭೂತಗಾಜು, ಮೊಬೈಲಿನ ಟಾರ್ಚು ಇದ್ದರೆ ಸಾಕು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ತಪ್ಪುತ್ತದೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಕಾಲು ಮಿಲಿಮೀಟರ್ ಕಾಲು ಮಿಲಿಮೀಟರ್ ಸರಿಸುತ್ತಾ ಕೂರಬೇಕು. ಸಿಟ್ಟು ಬಂದಾಗ ಎದ್ದು ಹೋಗಿ. ಮುಳ್ಳು ಮುರಿದರೆ ಸಾವಿರಗಟ್ಟಲೆ ಖರ್ಚು.

ಅಂಗಡಿಯವರು ಮನೆಗೆ ಬಂದು ಜೋಡಿಸಿಕೊಟ್ಟಿದ್ದಾರೆ, ಸರಿಯಾಗಿಯೇ ಇರುತ್ತದೆ ಅಂತ ಎಷ್ಟೋ ಜನ ಸುಮ್ನೆ ಇದ್ದುಬಿಡುತ್ತಾರೆ. ಗೆಳೆಯರೊಬ್ಬರ ಮನೆಯಲ್ಲಿ ಹಾಗೆ ಜೋಡಿಸಿದ ಒಳ್ಳೆಯ ಡೆಕ್ಕು ಒಂದಿತ್ತು. ಕಾಗದ ಇಟ್ಟು ನೋಡಿದರೆ ಮುಳ್ಳು ಇರಬೇಕಾದ ಜಾಗಕ್ಕಿಂತ ಮೂರು ಮಿಲಿಮೀಟರ್ ಹಿಂದೆ. ಅವರು ಅಷ್ಟು ದಿನ "ಹಳೇ ಪ್ಲೇಟು ಸಾರ್, ಕೊನೆಗೆ ಹಾಗೇ ಕರಕರ ಅನ್ನುತ್ತೆ" ಅಂತ ಪ್ಲೇಟುಗಳನ್ನೇ ಬೈಯುತ್ತಿದ್ದರು.

ತೂಕದ ಬಗ್ಗೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ. ಮುಳ್ಳಿನ ಭಾರ ಕಡಿಮೆ ಇದ್ದಷ್ಟೂ ಪ್ಲೇಟು ಬಾಳಿಕೆ ಬರುತ್ತದೆ ಅಂತ. ಭಾರ ಕಡಿಮೆಯಾದರೆ ಮುಳ್ಳು ಗೆರೆಯ ಗೋಡೆಯನ್ನು ಬಿಟ್ಟು ಹಾರುತ್ತದೆ, ಮತ್ತೆ ಬಂದು ಬಡಿಯುತ್ತದೆ. ವಜ್ರದ ತುದಿ ವಿನೈಲಿನ ಗೋಡೆಗೆ ಹೀಗೆ ಬಡಿದರೆ ಗೋಡೆಯೇ ಕಿತ್ತುಬರುತ್ತದೆ. ಆ ಗಾಯ ಮತ್ತೆ ಮಾಗುವುದಿಲ್ಲ. ಕಾರ್ಟ್ರಿಜ್ ಮಾಡಿದವರು ಹೇಳಿದಷ್ಟೇ ಇಡಿ. ಆರ್ಟೋಫಾನ್ 2ಎಂ ರೆಡ್‌ಗೆ 1.8 ಗ್ರಾಂ, ಆಡಿಯೋ ಟೆಕ್ನಿಕಾದ ವಿಎಂ95ಇಗೆ 2 ಗ್ರಾಂ, ಹಳೆಯ ಶೈಲಿಯ ಡೆನಾನ್ ಡಿಎಲ್-103ಕ್ಕೆ 2.5 ಗ್ರಾಂ. ಆರ್ಮಿನ ಹಿಂದಿನ ಭಾರದ ಮೇಲೆ ಬರೆದಿರುವ ಅಂಕಿಗಿಂತ ಚಿಕ್ಕ ಡಿಜಿಟಲ್ ತಕ್ಕಡಿಯನ್ನು ನಂಬಬಹುದು, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಹಿಂದೆಲ್ಲ ಮುಳ್ಳು ಹಾರಿದರೆ ಹೆಡ್‌ಶೆಲ್ ಮೇಲೆ ನಾಣ್ಯ ಇಡುವ ಪದ್ಧತಿ ಇತ್ತು. ನಾಣ್ಯ ಎರಡೂವರೆ ಗ್ರಾಂ ಇದ್ದರೂ ಮುಳ್ಳಿನ ಭಾರ ಎರಡು ಪಟ್ಟು ದಾಟುತ್ತದೆ. ಸಂತೆಯಲ್ಲಿ ಸಿಗುವ ಪ್ಲೇಟುಗಳಲ್ಲಿ ಬೂದು ಬಣ್ಣಕ್ಕೆ ತಿರುಗಿದ ಗೆರೆ ಕಂಡರೆ ಯಾರೋ ನಾಣ್ಯ ಇಟ್ಟು ಕೇಳಿದ್ದಾರೆ, ಇಲ್ಲವೇ ಸವೆದ ಮುಳ್ಳಿನಲ್ಲಿ ಕೇಳಿದ್ದಾರೆ ಅಂತ ನಾನು ಅಂದುಕೊಳ್ಳುತ್ತೇನೆ. ಕೊಳ್ಳುವುದಿಲ್ಲ.

ಆರ್ಮ್ ಒಳಗಡೆಗೆ ಜಾರದಂತೆ ಹೊರಗೆ ಎಳೆದು ಹಿಡಿಯುವ ಆ್ಯಂಟಿ ಸ್ಕೇಟಿಂಗ್ ಬಗ್ಗೆ ಜಗಳ ಮುಗಿಯುವುದೇ ಇಲ್ಲ, ಹಾಗಾಗಿ ಚಿಕ್ಕದಾಗಿ ಮುಗಿಸುತ್ತೇನೆ. ಬಗ್ಗಿಸಿದ ಆರ್ಮನ್ನು ಪ್ಲೇಟಿನ ಘರ್ಷಣೆ ಒಳಗಡೆಗೆ ಎಳೆಯುತ್ತದೆ. ಗೆರೆಯ ಒಳಗೋಡೆಯಲ್ಲಿ ಎಡ ಚಾನಲ್, ಹೊರಗೋಡೆಯಲ್ಲಿ ಬಲ ಚಾನಲ್ ಇರುತ್ತದೆ. ಒಳಗೆ ಎಳೆದರೆ ಹೊರಗೋಡೆಯ ಹಿಡಿತ ತಪ್ಪುತ್ತದೆ. ಜೋರಾದ ಜಾಗದಲ್ಲಿ ಬಲಗಡೆಯ ಸ್ಪೀಕರಿನ ದನಿ ಮೊದಲು ಒಡೆದರೆ ಆ್ಯಂಟಿ ಸ್ಕೇಟಿಂಗ್ ಚೂರು ಹೆಚ್ಚಿಸಿ, ಎಡಗಡೆ ಒಡೆದರೆ ಇಳಿಸಿ. ಆರ್ಮ್ ಪ್ಲೇಟಿಗೆ ಸಮಾನಾಂತರವಾಗಿದೆಯಾ ಅಂತ ಪಕ್ಕದಿಂದ ನೋಡಿ. ಎದುರಿನಿಂದ ನೋಡಿದಾಗ ಕಾರ್ಟ್ರಿಜ್ ವಾಲಿರಬಾರದು. ಚಿಕ್ಕ ಕನ್ನಡಿ ಚೂರಿನ ಮೇಲೆ ಮುಳ್ಳನ್ನು ಇಳಿಸಿದರೆ ಬಿಂಬ ನೋಡಿ ತಿಳಿಯುತ್ತದೆ. ಇದಕ್ಕಿಂತ ಸೂಕ್ಷ್ಮದ ಕೋನಗಳ ಬಗ್ಗೆ ಪುಟಗಟ್ಟಲೆ ಬರೆಯುವವರು ಇದ್ದಾರೆ. ಸಾದಾ ಮುಳ್ಳಿಗೆ ಅಷ್ಟೆಲ್ಲ ಬೇಕಾಗಿಲ್ಲ.

ಕರೆಂಟಿನ ಕಡೆಯದು ಒಂದಿಷ್ಟು. ಮ್ಯಾಗ್ನೆಟ್ ಕಾರ್ಟ್ರಿಜ್ಜಿನಿಂದ ಬರುವುದು ಬರೀ 4-5 ಮಿಲಿವೋಲ್ಟ್. ಅದನ್ನು ಎತ್ತರಿಸಲೇಬೇಕು. ಎತ್ತರಿಸುವುದಷ್ಟೇ ಅಲ್ಲ, ಸ್ವರೂಪವನ್ನೂ ಸರಿಪಡಿಸಬೇಕು. ಪ್ಲೇಟು ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಎತ್ತರದ ಸ್ವರಗಳನ್ನು ಹಿಗ್ಗಿಸಿ ಬರೆದಿರುತ್ತಾರೆ. ಕುಗ್ಗಿಸದಿದ್ದರೆ ಗೆರೆಗಳು ತುಂಬ ಅಗಲ ಆಗಿ ಇಪ್ಪತ್ತು ನಿಮಿಷ ಹಿಡಿಸುತ್ತಿರಲಿಲ್ಲ. 1954ರ ಹೊತ್ತಿಗೆ ಅಮೆರಿಕದ ಕಂಪನಿಗಳು ಇದಕ್ಕೆ ಒಂದೇ ಅಳತೆ ಒಪ್ಪಿಕೊಂಡವು, ಅದೇ ಆರ್‌ಐಎಎ. ಕಾರ್ಟ್ರಿಜ್ಜಿನ ಕರೆಂಟನ್ನು ಎತ್ತರಿಸುವ ಫೋನೋ ಪ್ರೀಆಂಪ್ ಅದನ್ನು ಉಲ್ಟಾ ಮಾಡುತ್ತದೆ. ಮನೆಯಲ್ಲಿ ಹಳೆಯ ಸೋನೋಡೈನ್, ಕಾಸ್ಮಿಕ್ ಆಂಪ್ಲಿಫೈಯರ್ ಇದ್ದರೆ ಹಿಂದೆ ಫೋನೋ ಅಂತ ಬರೆದಿದೆಯಾ ನೋಡಿ, ಪ್ರೀಆಂಪಿನ ದುಡ್ಡು ಉಳಿಯುತ್ತದೆ. ಹಮ್ ಬರುತ್ತಿದ್ದರೆ ಟರ್ನ್‌ಟೇಬಲ್ಲಿನಿಂದ ಬರುವ ಸಣ್ಣ ಅರ್ತಿಂಗ್ ವೈರನ್ನು ಆಂಪ್ಲಿಫೈಯರಿನ ಸ್ಕ್ರೂಗೆ ಸಿಕ್ಕಿಸಿ. ಆಮೇಲೂ ಬಂದರೆ ಮನೆಯ ಅರ್ತಿಂಗ್ ಪರೀಕ್ಷೆ ಮಾಡಿಸಿ. ಅದು ಸಂಗೀತಕ್ಕಿಂತ ಜೀವಕ್ಕೆ ಮುಖ್ಯ.

ಎಚ್‌ಎಂವಿ ಫಿಯೆಸ್ಟಾ ಇಟ್ಟುಕೊಂಡಿರುವವರು ನನ್ನ ಮೇಲೆ ಕೋಪ ಮಾಡಿಕೊಳ್ಳಬಾರದು. ಎಷ್ಟೋ ಮನೆಗಳಿಗೆ ಸಂಗೀತ ತಂದ ಪೆಟ್ಟಿಗೆ ಅದು. ಅದರದ್ದು ಸೆರಾಮಿಕ್ ಕಾರ್ಟ್ರಿಜ್, ಭಾರ ಜಾಸ್ತಿ. ನೆನಪಿಗೆ ಇಟ್ಟುಕೊಳ್ಳಿ, ಆದರೆ ಮತ್ತೆ ಸಿಗದ ಪ್ಲೇಟುಗಳನ್ನು ಅದರಲ್ಲಿ ಹಾಕಬೇಡಿ. ಈಗ ಬರುತ್ತಿರುವ ಸೂಟ್‌ಕೇಸ್ ಪ್ಲೇಯರುಗಳಿಗೂ ಇದೇ ಮಾತು, ನೆನಪಿನ ಸಮರ್ಥನೆಯೂ ಅವುಗಳಿಗಿಲ್ಲ.

ಇಷ್ಟೆಲ್ಲ ಮಾಡಿಯೂ ಪ್ಲೇಟು ಕೊಳಕಾಗಿದ್ದರೆ ಏನು ಪ್ರಯೋಜನ. ನಮ್ಮ ಕಡೆ ಕೊಳಕು ಎರಡು ಬಗೆ. ಬೆಂಗಳೂರಿನಂಥ ಊರಿನಲ್ಲಿ ಧೂಳು. ಮಲೆನಾಡು, ಕರಾವಳಿಯ ಮನೆಗಳಿಂದ ಬಂದ ಪ್ಲೇಟುಗಳಲ್ಲಿ ಬೂಷ್ಟು. ಮಳೆಗಾಲದ ತೇವದಲ್ಲಿ ಒಳಗಿನ ಕಾಗದದ ಕವರು ಪ್ಲೇಟಿಗೆ ಅಂಟಿಕೊಂಡು ಬಿಳಿ ಬಿಳಿ ಮಚ್ಚೆ ಎದ್ದಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಅದು ಗೆರೆಯೊಳಗೆ ಇನ್ನೂ ಆಳಕ್ಕೆ ಹೋಗುತ್ತದೆ. ತೊಳೆಯಲೇಬೇಕು. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ, ಒಣಗಿದ ಮೇಲೆ ಉಪ್ಪು ಗೆರೆಯಲ್ಲೇ ಉಳಿಯುತ್ತದೆ. ಡಿಸ್ಟಿಲ್ಡ್ ನೀರು, ಅದಕ್ಕೆ ಕಾಲು ಭಾಗದಷ್ಟೋ ಇನ್ನೂ ಕಡಿಮೆಯೋ ಐಸೋಪ್ರೊಪೈಲ್ ಆಲ್ಕೋಹಾಲ್, ಬಣ್ಣ ವಾಸನೆ ಇಲ್ಲದ ಸೋಪಿನ ದ್ರಾವಣ ಒಂದೆರಡು ಹನಿ. ಮೆತ್ತನೆಯ ಬ್ರಷ್ಷಿನಿಂದ ಗೆರೆಯ ದಿಕ್ಕಿಗೇ ಉಜ್ಜಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೆ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಲೇಬಲ್ ನೆನೆಯಬಾರದು. ತೊಳೆದ ಪ್ಲೇಟನ್ನು ಹಳೆಯ ಕವರಿಗೆ ವಾಪಸ್ ಹಾಕಬೇಡಿ, ಬೂಷ್ಟು ಅಲ್ಲೇ ಕಾಯುತ್ತಿರುತ್ತದೆ. ಮುಳ್ಳನ್ನೂ ಪ್ರತಿ ಬದಿಗೆ ಒಮ್ಮೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಬ್ರಷ್ ಮಾಡಿ. ಒಂದು ಎಲ್‌ಪಿ ಬದಿಯ ಗೆರೆ ಬಿಚ್ಚಿ ಹಾಸಿದರೆ ಅರ್ಧ ಕಿಲೋಮೀಟರಿನ ಹತ್ತಿರ ಬರುತ್ತದೆ. ಅಷ್ಟು ದೂರದ ಧೂಳೆಲ್ಲ ಗುಡಿಸಿಕೊಂಡು ಬರುವ ಮುಳ್ಳು ಒಳ ಅಂಚು ಮುಟ್ಟುವ ಹೊತ್ತಿಗೆ ಹತ್ತಿ ಉಂಡೆ ಹೊತ್ತಿರುತ್ತದೆ. ಕೊನೆಯ ಐದು ನಿಮಿಷ ಕೆಡಲು ಇದೂ ಒಂದು ಕಾರಣ.

ಹಳೆಯ ಎಚ್‌ಎಂವಿ ಎಲ್‌ಪಿಗಳ ನಂಬರನ್ನೂ ಒಮ್ಮೆ ನೋಡಿ. ಇಸಿಎಲ್‌ಪಿ ಅಂತ ಶುರುವಾದರೆ ಮೋನೋ, ಇಸಿಎಸ್‌ಡಿ ಅಂತ ಇದ್ದರೆ ಸ್ಟೀರಿಯೋ. ಮೋನೋ ಪ್ಲೇಟಿನಲ್ಲಿ ಸಂಗೀತ ಪಕ್ಕಕ್ಕೆ ಮಾತ್ರ ಬರೆದಿರುತ್ತದೆ. ಸ್ಟೀರಿಯೋ ಕಾರ್ಟ್ರಿಜ್ ಮೇಲೆ ಕೆಳಗಿನ ಅಲುಗಾಟವನ್ನೂ ಹಿಡಿಯುತ್ತದೆ, ಅಲ್ಲಿರುವುದು ಬರೀ ಕೊಳಕು ಮತ್ತು ಸವೆತ. ಆಂಪ್ಲಿಫೈಯರಿನಲ್ಲಿ ಮೋನೋ ಸ್ವಿಚ್ ಇದ್ದರೆ ಒತ್ತಿ. ಚಟಪಟ ಸದ್ದು ಒಂದೇ ಏಟಿಗೆ ಇಳಿಯುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಸಿಗುವ ಲಾಭ.

78ರ ಪ್ಲೇಟುಗಳದ್ದು ಬೇರೆಯೇ ಲೋಕ. ಅರಗಿನಿಂದ ಮಾಡಿದವು, ಆಲ್ಕೋಹಾಲ್ ತಾಗಿಸಿದರೆ ಕರಗುತ್ತವೆ. ಅವುಗಳ ಗೆರೆ ಅಗಲ. ಸುಮಾರು 75 ಮೈಕ್ರಾನಿನ ಮುಳ್ಳು ಬೇಕು, ಎಲ್‌ಪಿ ಮುಳ್ಳು ಅದರ ಕಾಲು ಭಾಗದಷ್ಟೇ ದಪ್ಪ. ಎಲ್‌ಪಿ ಮುಳ್ಳು ಹಾಕಿದರೆ ಅದು ಗೆರೆಯ ತಳದಲ್ಲಿ ಕಸ ಕೆದಕುತ್ತಾ ಹೋಗುತ್ತದೆ. ವೇಗವೂ ನಂಬಿಕೆಗೆ ಅರ್ಹವಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಕೊಟ್ಟು, ಕೊನೆಗೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಇಲ್ಲೇ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ಕಾಲದ ಪ್ಲೇಟುಗಳಿಗೆ 78 ಅನ್ನುವ ಅಂಕಿ ಇನ್ನೂ ಗಟ್ಟಿಯಾಗಿರಲಿಲ್ಲ. ಶ್ರುತಿ ಊಹಿಸಿ ವೇಗ ಇಡಬೇಕು.

ಊಹೆಯಲ್ಲಿ ಮೋಸ ಹೋಗುವುದು ಸುಲಭ. ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಹುಬ್ಬಳ್ಳಿಯ ಗಾಂಧಾರಿ ಅನ್ನುವ ಹೆಸರಿನಲ್ಲಿ ಕೊಟ್ಟ ಪ್ಲೇಟುಗಳಿವೆ. ಅವುಗಳಲ್ಲಿ ಅವರ ದನಿ ತೆಳು, ಎಳೆಯ ಹೆಣ್ಣುದನಿ. ಗಂಟಲಿಗೆ ಚಿಕಿತ್ಸೆಯಾಗಿ ದನಿ ಗಡುಸಾದದ್ದು ಆಮೇಲೆ. ನಾವೆಲ್ಲ ಕೇಳಿ ಬೆಳೆದದ್ದು ಆ ಗಡಸು ದನಿಯನ್ನು. ಹಾಗಾಗಿ ಮೊದಲ ಸಲ ಕೇಳಿದವರಿಗೆ ಪ್ಲೇಟು ಜೋರಾಗಿ ಓಡುತ್ತಿದೆ ಅಂತಲೇ ಅನ್ನಿಸುತ್ತದೆ. ಆ ಹೊತ್ತಿಗೆ 78 ನೆಲೆಯಾಗಿತ್ತು, ವೇಗ ಸರಿಯಾಗಿಯೇ ಇದೆ ಅಂತ ನಾನು ಮಾವನಿಗೆ ಹೇಳಿ ಹೇಳಿ ಸಾಕಾಗಿದೆ. ಅವರು ಒಪ್ಪುವುದಿಲ್ಲ. "ಬಾಯಿಯವರ ದನಿ ನನಗೆ ಗೊತ್ತಿಲ್ವೇನಯ್ಯಾ" ಅಂತ ವೇಗದ ಗುಂಡಿಯನ್ನು ಕೆಳಗೆ ಎಳೆದುಕೊಂಡೇ ಕೇಳುತ್ತಾರೆ.